ಹಳೆಯ ಕ್ಯಾಂಪರ್ ವ್ಯಾನ್ ತಗೊಳ್ಳಬಹುದಾ? ಇಟ್ಟುಕೊಂಡವರು ಹೇಳಿ

ಕೇಳಿದವರು:
ನಾವು ಮೂವರು. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು. ರಜೆ ಸಿಕ್ಕಾಗಲೆಲ್ಲ ಟೆಂಟ್ ಹೊತ್ತುಕೊಂಡು ಹೊರಡುವವರು. ಈಗ ಒಂದು ಹಳೆಯ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ತಗೊಳ್ಳುವ ಆಸೆ ಹತ್ತಿದೆ. ಎರಡು ಗಾಡಿ ನೋಡಿಟ್ಟಿದ್ದೇವೆ. ಒಂದು 1970ರ ದಶಕದ ಫೋಕ್ಸ್‌ವ್ಯಾಗನ್ ಟೈಪ್ 2. ಗಾಳಿಯಿಂದ ತಣಿಯುವ 1600 ಸಿಸಿ ಇಂಜಿನ್, ಮೇಲಕ್ಕೆತ್ತುವ ಚಾವಣಿ. ಇನ್ನೊಂದು 1980ರ ದಶಕದ ಡೀಸೆಲ್ ವ್ಯಾನ್. ಅದನ್ನು ಯಾರೋ ತಾವೇ ಮರಗೆಲಸ ಮಾಡಿ ಕ್ಯಾಂಪರ್ ಮಾಡಿಕೊಂಡಿದ್ದಾರೆ. ನನಗೆ ಪ್ಲಗ್ ಮತ್ತು ಆಯಿಲ್ ಬದಲಾಯಿಸುವುದು ಗೊತ್ತು, ಅಷ್ಟೇ. ಇಂಥ ಗಾಡಿಯನ್ನು ಸಾಕುವುದು ಎಷ್ಟು ಕಷ್ಟ? ಅಷ್ಟು ಕಷ್ಟಪಟ್ಟರೆ ಸಿಗುವ ಸುಖ ಏನು? ನೋಡಲು ಹೋದಾಗ ಎಲ್ಲೆಲ್ಲಿ ಕಣ್ಣು ಹಾಯಿಸಬೇಕು?

ಹದಿನಾಲ್ಕು ವರ್ಷದಿಂದ ಒಂದೇ ವ್ಯಾನ್ ಇಟ್ಟುಕೊಂಡವರು:
ಮೊದಲು ತುಕ್ಕು ನೋಡಿ. ಆಮೇಲೆ ಮಿಕ್ಕಿದ್ದು.

ಎಲ್ಲರೂ ಇಂಜಿನ್ ಸದ್ದು ಕೇಳುತ್ತಾರೆ, ಒಂದು ರೌಂಡ್ ಓಡಿಸುತ್ತಾರೆ, ಪರದೆ ಮತ್ತು ಹಾಸಿಗೆ ನೋಡಿ ಮನಸೋಲುತ್ತಾರೆ. ನಾನೂ ಹಾಗೇ ತಗೊಂಡೆ. ಪೇಂಟ್ ಹೊಸದು, ಒಳಗೆ ಎಲ್ಲ ಚೆಂದ. ಎರಡನೇ ಮಳೆಗಾಲದಲ್ಲಿ ದಾರಿಯಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕೋಣ ಅಂತ ಜಾಕ್ ಕೊಟ್ಟೆ. ಗಾಡಿ ಮೇಲೆ ಏಳಲಿಲ್ಲ, ಜಾಕ್ ಒಳಕ್ಕೆ ಹೋಯಿತು. ಜಾಕ್ ಕೊಡುವ ಜಾಗದಲ್ಲಿ ತಗಡೇ ಇರಲಿಲ್ಲ. ಪುಟ್ಟಿ ತುಂಬಿ ಮೇಲೆ ಪೇಂಟ್ ಹೊಡೆದಿದ್ದರು. ಆ ವರ್ಷ ಎಂಟು ತಿಂಗಳು ನನ್ನ ವ್ಯಾನ್ ವೆಲ್ಡಿಂಗ್ ಶೆಡ್‌ನಲ್ಲಿ ನಿಂತಿತ್ತು.

ಇಂಜಿನ್ ಕೆಟ್ಟರೆ ಇಳಿಸಿ ರಿಪೇರಿ ಮಾಡಬಹುದು, ಬೇರೆ ತಂದು ಕೂರಿಸಬಹುದು. ಬಾಡಿ ಹಾಗಲ್ಲ. ಟೈಪ್ 2ರಂಥ ವ್ಯಾನಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ತಳ, ಪಕ್ಕ, ಚಾವಣಿ ಎಲ್ಲ ಸೇರಿಸಿ ಬೆಸುಗೆ ಹಾಕಿದ ಒಂದೇ ಪೆಟ್ಟಿಗೆ. ಅದರ ತಳ ತಿಂದುಹೋದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ.

ನೋಡಲು ಹೋಗುವಾಗ ಒಂದು ಚಿಕ್ಕ ಆಯಸ್ಕಾಂತ, ಟಾರ್ಚ್, ಸ್ಕ್ರೂಡ್ರೈವರ್ ಮತ್ತು ಮಲಗಲು ಒಂದು ಹಳೆಯ ಚಾಪೆ ಇರಲಿ. ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಕೆಳಭಾಗಕ್ಕೆ ಹಿಡಿಯುತ್ತಾ ಹೋಗಿ. ತಗಡಿದ್ದಲ್ಲಿ ಹಿಡಿಯುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರಿ ಬೀಳುತ್ತದೆ. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಜಾರು ಬಾಗಿಲಿನ ಕೆಳಗಿನ ಹಳಿ, ಬ್ಯಾಟರಿ ಕೂರುವ ತಟ್ಟೆ, ಇವನ್ನು ಬಿಡಬೇಡಿ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಅಂಚನ್ನು ಬೆರಳಿನಿಂದ ಸ್ವಲ್ಪ ಎತ್ತಿ ನೋಡಿ. ಅಲ್ಲಿ ನೀರು ನಿಂತರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಪಾಟಿನ ಹಿಂದೆ ಟಾರ್ಚ್ ಬಿಡಿ. ಒಳಗಿನ ಕಾರ್ಪೆಟ್ ಎತ್ತಿ. ಎತ್ತಲು ಬಿಡದಿದ್ದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ. ಆಮೇಲೆ ಚಾಪೆ ಹಾಸಿ ಕೆಳಗೆ ಮಲಗಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತಿಂದುಹೋದದ್ದು ಮಂದ ಸದ್ದು ಕೊಡುತ್ತದೆ.

ತಗೊಂಡ ಮೇಲೆ ವರ್ಷಕ್ಕೊಮ್ಮೆ ಟೊಳ್ಳು ಭಾಗಗಳ ಒಳಗೆ ಮೇಣ ಸಿಂಪಡಿಸಿ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಮೇಣ ಹೊಡೆಯುವಾಗ ಅವು ಮುಚ್ಚಬಾರದು. ಕಡ್ಡಿಯಿಂದ ಚುಚ್ಚಿ ಬಿಡಿಸಿ.

ಸುಖ ಏನು ಅಂತಾನೂ ಕೇಳಿದ್ದೀರಿ. 1947ರಲ್ಲಿ ಬೆನ್ ಪೋನ್ ಅನ್ನುವ ಡಚ್ ವ್ಯಾಪಾರಿ ತನ್ನ ನೋಟ್‌ಬುಕ್‌ನಲ್ಲಿ ಒಂದು ಪೆಟ್ಟಿಗೆ ಗೀಚಿದ. ಡ್ರೈವರ್ ತೀರಾ ಮುಂದೆ, ಇಂಜಿನ್ ತೀರಾ ಹಿಂದೆ, ನಡುವೆ ಪೂರ್ತಿ ಖಾಲಿ ಜಾಗ. 1950ರಲ್ಲಿ ಫೋಕ್ಸ್‌ವ್ಯಾಗನ್‌ನಲ್ಲಿ ಆ ಗಾಡಿ, ಅಂದರೆ ಟೈಪ್ 2, ತಯಾರಾಗತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಅನ್ನುವ ಜರ್ಮನ್ ಕಂಪನಿಯವರು ಅದರೊಳಗೆ ಹಾಸಿಗೆ, ಕಪಾಟು ಕೂರಿಸಲು ಶುರು ಮಾಡಿದರು. ಓಡಿಸುವಾಗ ಆ ಗೀಚಿನ ಗುಣ ನಿಮಗೇ ಗೊತ್ತಾಗುತ್ತದೆ. ಮುಂದೆ ಬಾನೆಟ್ ಇಲ್ಲ. ಪಾದದ ಮುಂದೆಯೇ ರಸ್ತೆ. ಎತ್ತರದಲ್ಲಿ ಕೂತಿರುತ್ತೀರಿ, ಬೇಲಿಯಾಚೆಯ ಹೊಲವೂ ಕಾಣುತ್ತದೆ. ಮೊದಲ ಗಾಡಿಗಳಿಗೆ ಇದ್ದದ್ದು 25 ಅಶ್ವಶಕ್ತಿ. ನೀವು ನೋಡಿರುವ 1600ಕ್ಕೆ ಸುಮಾರು 50. ಏರು ಬಂದರೆ ಮೂರನೇ ಗೇರು, ಕೆಲವೊಮ್ಮೆ ಎರಡು. ಗಂಟೆಗೆ 80 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತಾ ಇದ್ದರೆ ಗಾಡಿಗೂ ಹಿತ, ನಮಗೂ ಹಿತ. ಸಂಜೆ ನಿಲ್ಲಿಸಿ, ಚಾವಣಿ ಎತ್ತಿ, ಜಾರು ಬಾಗಿಲು ಪೂರ್ತಿ ತೆರೆದು ಕೂತರೆ ಅದೇ ಮನೆ, ಅದೇ ಜಗಲಿ. ಹದಿನಾಲ್ಕು ವರ್ಷವಾದರೂ ಆ ಬಾಗಿಲು ಜಾರುವ ಸದ್ದು ಕೇಳಿದರೆ ನನಗೆ ಮನಸ್ಸು ಹಗುರಾಗುತ್ತದೆ.

ಹಳೆ ಗಾಡಿಗಳ ಮೆಕಾನಿಕ್:
ಮೇಲೆ ಹೇಳಿದ್ದು ಸರಿ. ಇಂಜಿನ್ ಬಗ್ಗೆ ನಾನು ಹೇಳುತ್ತೇನೆ.

ಆ 1600 ಇಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಇಲ್ಲ, ಬರೀ ಒಂದು ಜಾಲರಿ. ಹಿಡಿಯುವುದು ಎರಡೂವರೆ ಲೀಟರ್. ಈ ಆಯಿಲ್ ಸವೆತವನ್ನೂ ತಡೀಬೇಕು, ಇಂಜಿನ್ನನ್ನೂ ತಣಿಸಬೇಕು. ಅದಕ್ಕೇ 5,000 ಕಿ.ಮೀ.ಗೊಮ್ಮೆ ಬದಲಾಯಿಸಿ, ಜಾಲರಿ ತೊಳೆಯಿರಿ. ಅದೇ ಹೊತ್ತಿಗೆ ಟ್ಯಾಪೆಟ್ ಸೆಟ್ ಮಾಡಿ, ಅಂದರೆ ಇಂಜಿನ್‌ನ ವಾಲ್ವ್‌ಗಳನ್ನು ಒತ್ತುವ ಭಾಗದ ಸಂದು ಸರಿಮಾಡಿ. ಇಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು, ಸಂದು 0.15 ಮಿ.ಮೀ. ಟಕಟಕ ಅನ್ನುವ ಟ್ಯಾಪೆಟ್‌ಗೆ ಹೆದರಬೇಡಿ. ಸಂದು ಮುಚ್ಚಿ ಸುಮ್ಮನಾದ ಟ್ಯಾಪೆಟ್‌ಗೆ ಹೆದರಿ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುವುದು ಹಾಗೇ. ಆಯಿಲ್ ಬದಲಾಯಿಸಲು ಬರುತ್ತೆ ಅಂದಿರಿ. ಅಷ್ಟು ಬರುವವರಿಗೆ ಇದನ್ನು ಕಲಿಯಲು ಒಂದು ಭಾನುವಾರ ಸಾಕು.

ಈ ಇಂಜಿನ್‌ನಲ್ಲಿ ತಣಿಸುವ ಫ್ಯಾನ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಎರಡಕ್ಕೂ ಒಂದೇ ಬೆಲ್ಟ್. ಓಡುತ್ತಿರುವಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿತು ಅನ್ನಿ. ಮುಂದಿನ ಊರಿಗೆ ಹೋಗಿ ನೋಡೋಣ ಅನ್ನಬೇಡಿ. ಅಲ್ಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬೆಲ್ಟ್ ಹರಿದಿದ್ದರೆ ಗಾಳಿಯೂ ನಿಂತಿರುತ್ತದೆ, ಕೆಲವೇ ನಿಮಿಷಗಳಲ್ಲಿ ಇಂಜಿನ್ ಕೆಡುತ್ತದೆ. ಒಂದು ಬೆಲ್ಟ್, ಅದನ್ನು ಹಾಕಲು ಬೇಕಾದ ಪಾನಾ, ಒಂದು ಕ್ಲಚ್ ಕೇಬಲ್, ಒಂದು ಆಕ್ಸಿಲರೇಟರ್ ಕೇಬಲ್ ಯಾವಾಗಲೂ ಸೀಟಿನ ಕೆಳಗಿರಲಿ.

ಪೆಟ್ರೋಲ್ ಪೈಪ್ ಬಗ್ಗೆ ಕೈಮುಗಿದು ಹೇಳುತ್ತೇನೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಅದನ್ನು ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ಇಂಜಿನ್ ಇರುವುದು ಹಿಂದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿಸಿ ಇಂಜಿನ್ ಮೇಲೆ ತೊಟ್ಟಿಕ್ಕಿದರೆ ಬೆಂಕಿ. ಗಾಡಿ ಮನೆಗೆ ತಂದ ದಿನವೇ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಪೈಪ್, ಎಲ್ಲ ಕ್ಲಿಪ್ ಬದಲಾಯಿಸಿ. ಎಥನಾಲ್ ತಾಳುವ ಪೈಪ್ ಅಂತಲೇ ಕೇಳಿ ತಗೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಕೈಗೆ ಸಿಗುವ ಹಾಗಿರಲಿ.

ಡೀಸೆಲ್ ಗಾಡಿಗೆ ಬೇರೆ ಲೆಕ್ಕ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಬೆಲ್ಟ್) ಇರುವ ಇಂಜಿನ್ ಆದರೆ, ಯಾವಾಗ ಬದಲಾಯಿಸಿದರು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ. ಸ್ಟಾರ್ಟ್ ಮಾಡಿದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಮೇಲೆ ಅನುಮಾನ ಪಡಿ.

ಬ್ರೇಕ್: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಗಲಿ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿಕೊಂಡಿರಬಹುದು. ಹಳೆಯದಾಗಿದ್ದರೆ ಯೋಚನೆಯೇ ಬೇಡ, ಹೊಸದು ಹಾಕಿ.

ಇನ್ನೊಬ್ಬರು:
ಪೆಟ್ರೋಲ್ ಇಂಜಿನ್‌ನಲ್ಲಿ ಪ್ಲಗ್‌ಗೆ ಕಿಡಿ ಹುಟ್ಟಿಸುವ ಹಳೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ತಲೆನೋವು ಅರ್ಧ ಕಡಿಮೆ. ನಾನು ಹಾಕಿಸಿ ಆರು ವರ್ಷವಾಯಿತು.

ಮೆಕಾನಿಕ್:
ಹಾಕಿಸಿ, ಒಳ್ಳೆಯದೇ. ಆದರೆ ತೆಗೆದ ಪಾಯಿಂಟ್ ಸೆಟ್ ಮತ್ತು ಕಂಡೆನ್ಸರ್ ಡಬ್ಬಿಯಲ್ಲಿರಲಿ. ಎಲೆಕ್ಟ್ರಾನಿಕ್ ಒಮ್ಮೆಗೇ ಸಾಯುತ್ತದೆ, ರಸ್ತೆಯಲ್ಲಿ ಅದಕ್ಕೆ ಮದ್ದಿಲ್ಲ.

ನಾಲ್ಕು ವರ್ಷ ಇಟ್ಟುಕೊಂಡು ಮಾರಿದವರು:
ನನ್ನ ಮಾತನ್ನೂ ಕೇಳಿ. ನನ್ನ ವ್ಯಾನನ್ನು ನಾನು ಬಹಳ ಪ್ರೀತಿಸಿದೆ. ಆದರೂ ಮಾರಿದೆ. ಕಾರಣ ರಿಪೇರಿ ಅಲ್ಲ. ಕೆಲಸ ಜಾಸ್ತಿಯಾಗಿ ಗಾಡಿ ನಿಂತೇ ಇತ್ತು. ಇಂಥ ಗಾಡಿಗಳನ್ನು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದು ಜಾಸ್ತಿ ಕೆಡಿಸುತ್ತದೆ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ. ಬ್ರೇಕ್ ಹಿಡಿದುಕೊಳ್ಳುತ್ತದೆ. ಇಲಿ ಬಂದು ವೈರ್ ಕಡಿಯುತ್ತದೆ. ಆರು ತಿಂಗಳ ಮೇಲೆ ಕವರ್ ತೆಗೆದಾಗ ಹೊಟ್ಟೆ ಉರಿಯಿತು.

ಟಯರ್‌ದೂ ಅದೇ ಕಥೆ. ನನ್ನ ಟಯರ್‌ಗಳ ಗೆರೆ ಹೊಸದರ ಹಾಗಿತ್ತು, ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಟಯರ್ ಪಕ್ಕದಲ್ಲಿ ಇಂಗ್ಲಿಷಿನಲ್ಲಿ DOT ಅಂತ ಬರೆದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ನೋಡಿ ಮೋಸ ಹೋಗಬೇಡಿ. ವ್ಯಾನಿನ ಭಾರ ಹೊರುವ ಟಯರೇ ಬೇಕು, ಕಾರಿನ ಟಯರ್ ಬೇಡ.

ತಿಂಗಳಿಗೆ ಎರಡು ಸಲವಾದರೂ ಅರ್ಧ ಗಂಟೆ ಓಡಿಸಲು ಆಗುತ್ತಾ? ಮಳೆ ತಾಗದ ಜಾಗ ಇದೆಯಾ? ಈ ಎರಡಕ್ಕೂ ಹೌದು ಅನ್ನುವುದಾದರೆ ತಗೊಳ್ಳಿ. ಆಗಲೂ ಮೊದಲು ಅಂಥದ್ದೇ ಒಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ತಗೊಂಡು, ಮಗಳನ್ನೂ ಕರೆದುಕೊಂಡು ಹೋಗಿ ಬನ್ನಿ.

ಇಬ್ಬರು ಮಕ್ಕಳೊಂದಿಗೆ ತಿರುಗುವ ಅಮ್ಮ:
ಮಗಳ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ, ನಾನು ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆಯಾ, ಇದ್ದರೆ ಎಲ್ಲಿಗೆ ಬೋಲ್ಟ್ ಮಾಡಿದ್ದಾರೆ, ಮೊದಲು ಅದನ್ನು ನೋಡಿ. ಆ ಕಾಲದ ಎಷ್ಟೋ ವ್ಯಾನ್‌ಗಳಲ್ಲಿ ಹಿಂದೆ ಬೆಲ್ಟ್ ಇರಲೇ ಇಲ್ಲ, ಅಥವಾ ಸೊಂಟದ ಪಟ್ಟಿ ಮಾತ್ರ. ಮನೆಯಲ್ಲಿ ಮಾಡಿದ ಕ್ಯಾಂಪರ್‌ನಲ್ಲಿ ಇನ್ನೂ ಎಚ್ಚರ ಬೇಕು. ಬೆಲ್ಟ್ ಕಬ್ಬಿಣಕ್ಕೆ ಬಿಗಿದಿರಬೇಕು, ಸೀಟಿನ ಹಲಗೆಗಲ್ಲ. ಓಡುವಾಗ ಯಾರೂ ಹಾಸಿಗೆಯ ಮೇಲೆ ಮಲಗಬಾರದು. ನಮ್ಮ ಮಕ್ಕಳು ಅತ್ತರೂ ನಾವು ಒಪ್ಪಿಲ್ಲ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಕಪಾಟಿನ ತಳದಲ್ಲಿ ಹೊರಕ್ಕೆ ಹೋಗುವ ತೂತು ಇರುತ್ತದೆ. ಗಾಳಿ ಬರುತ್ತೆ, ದೂಳು ಬರುತ್ತೆ ಅಂತ ನಮ್ಮ ಹಿಂದಿನ ಮಾಲೀಕರು ಅದರ ಮೇಲೆ ಮ್ಯಾಟ್ ಹಾಕಿದ್ದರು. ಅದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಗ್ಯಾಸ್ ಪೈಪ್ ಮೇಲೆ ಇಸವಿ ಇರುತ್ತದೆ, ಓದಿ. ಚಳಿಗೆ ಅಂತ ಒಲೆ ಹಚ್ಚಿಕೊಂಡು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದಕ್ಕೆ ಅಲಾರಂ ಸಿಗುತ್ತದೆ, ಮೊದಲ ದಿನವೇ ಹಾಕಿಸಿ. ಗಾಳಿಯಿಂದ ತಣಿಯುವ ಗಾಡಿಗಳಲ್ಲಿ ಒಳಗೆ ಬರುವ ಬಿಸಿಗಾಳಿ ಸೈಲೆನ್ಸರ್ ಕಡೆಯ ಕೊಳವೆಗಳನ್ನು ಸುತ್ತಿ ಬರುತ್ತದೆ. ಆ ಕೊಳವೆ ತುಕ್ಕು ಹಿಡಿದು ತೂತಾದರೆ ಹೊಗೆ ನೇರ ಒಳಗೆ. ಆ ಅಲಾರಂ ಇದಕ್ಕೂ ಬೇಕು.

ಚಾವಣಿಯ ಕ್ಯಾನ್ವಾಸ್ ಒದ್ದೆಯಿದ್ದಾಗ ಮಡಚಿ ಇಡಬೇಡಿ. ಮಳೆಯಲ್ಲಿ ಮುಚ್ಚಲೇಬೇಕಾಗಿ ಬಂದರೆ ಮನೆಗೆ ಬಂದ ಕೂಡಲೇ ಎತ್ತಿ ಒಣಗಿಸಿ. ಒಮ್ಮೆ ಬೂಸ್ಟು ಹಿಡಿದರೆ ಆ ವಾಸನೆ ಹೋಗುವುದಿಲ್ಲ. ರಾತ್ರಿ ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಇಲ್ಲದಿದ್ದರೆ ನಮ್ಮ ಉಸಿರೇ ಗಾಜಿನ ಮೇಲೆ ನೀರಾಗಿ ಹಾಸಿಗೆಯ ಕೆಳಗೆ ಸೇರುತ್ತದೆ. ದೀಪಕ್ಕೆ, ಫ್ಯಾನಿಗೆ ಬೇರೆ ಬ್ಯಾಟರಿ ಇದ್ದರೆ ಚೆನ್ನ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ, ಅಲ್ಲಿಗೆ ನಿಲ್ಲಿಸಿ.

ನಮ್ಮ ದೊಡ್ಡವಳು ಮೇಲಿನ ಹಾಸಿಗೆಯಲ್ಲಿ ಮಲಗಿ ಕ್ಯಾನ್ವಾಸಿನ ಕಿಟಕಿಯಿಂದ ನಕ್ಷತ್ರ ಎಣಿಸುತ್ತಾಳೆ. ಇಷ್ಟೆಲ್ಲ ಕೆಲಸ ಇದ್ದರೂ ನಾವು ಬಿಡದಿರುವುದು ಅದಕ್ಕೇ.

ಕೇಳಿದವರು:
ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿನ್ನೆ ಆಯಸ್ಕಾಂತ ಹಿಡಿದುಕೊಂಡೇ ಹೋಗಿದ್ದೆ. ಮೊದಲನೇ ಗಾಡಿಯಲ್ಲಿ ಕೆಳಗಂಚಿನ ಮೂರು ಕಡೆ ಆಯಸ್ಕಾಂತ ಜಾರಿ ಬಿತ್ತು. ಕಾರ್ಪೆಟ್ ಎತ್ತಲು ಮಾಲೀಕರು ಒಪ್ಪಲಿಲ್ಲ. ತುಂಬಾ ಚೆಂದದ ಗಾಡಿ, ಮಗಳು ಆಗಲೇ ಅದಕ್ಕೆ ಹೆಸರೂ ಇಟ್ಟಿದ್ದಳು. ಡೀಸೆಲ್ ಗಾಡಿ ನೋಡಲು ಸಾದಾ. ಆದರೆ ಕೆಳಗೆ ಮಲಗಿ ತಟ್ಟಿದೆ, ಎಲ್ಲ ಕಡೆ ಟಣ್ ಅಂತು. ಬ್ಯಾಟರಿ ತಟ್ಟೆಯಲ್ಲಿ ಮಾತ್ರ ಮೇಲ್ಮೇಲೆ ತುಕ್ಕು. ಹಿಂದಿನ ಸೀಟಿನ ಬೆಲ್ಟ್ ಮಾತ್ರ, ಇಬ್ಬರು ಮಕ್ಕಳ ಅಮ್ಮ ಎಚ್ಚರಿಸಿದ ಹಾಗೇ, ಪ್ಲೈವುಡ್‌ಗೆ ಬಿಗಿದಿದೆ. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಹದಿನಾಲ್ಕು ವರ್ಷದಿಂದ ಇಟ್ಟುಕೊಂಡವರು:
ಮೊದಲನೆಯದನ್ನು ಬಿಟ್ಟುಬಿಡಿ. ಹೆಸರು ಎರಡನೆಯದಕ್ಕೆ ಬರಲಿ. ತಗೊಂಡರೆ ಮೊದಲ ಖರ್ಚು ಆ ಬೆಲ್ಟಿಗೆ. ಸೀಟಿನ ಕೆಳಗೆ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಡಿಯ ತಳಕ್ಕೆ ಸೇರಿಸಿ, ಗೊತ್ತಿರುವವರಿಂದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಮಗಳನ್ನು ಕೂರಿಸಿಕೊಂಡು ಹೊರಡಬೇಡಿ.

ಮೆಕಾನಿಕ್:
ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು ಅಂದಿರಿ. ನೀವು ಹೋದಾಗ ಇಂಜಿನ್ ತಣ್ಣಗಿತ್ತಾ? ಹಳೆಯ ಡೀಸೆಲ್ ಬಿಸಿಯಿದ್ದಾಗ ಯಾರು ತಿರುಗಿಸಿದರೂ ಹೊತ್ತಿಕೊಳ್ಳುತ್ತದೆ. ಇನ್ನೊಮ್ಮೆ ಬೆಳಗಾಗುತ್ತಲೇ ಹೋಗಿ. ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ತಣ್ಣಗಿದ್ದರೆ ಕೀ ಕೇಳಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಬನ್ನಿ.