‘ಹವ್ಯಾಸಿ ತಂಡ’ ಅಂದರೆ ಸುಮ್ನೆ ಆಡುವವರಾ?

ಎಲ್ಲರಿಗೂ ನಮಸ್ಕಾರ,

ಕೆನಡಾದ ಎಡ್ಮಂಟನ್ ಗ್ರ್ಯಾಡ್ಸ್ ಎಂಬ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ. 1915ರಿಂದ 1940ರವರೆಗೆ ಆಡಿದ ತಂಡ ಇದು. ಸಾಮಾನ್ಯವಾಗಿ ಕೊಡುವ ಲೆಕ್ಕ: ಗೆದ್ದದ್ದು 502 ಪಂದ್ಯ, ಸೋತದ್ದು ಬರೀ 20. ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರೇ ಇವರನ್ನು ಬಾಯ್ತುಂಬಾ ಹೊಗಳಿದ್ದರು. ಆದರೆ ಆಡಿದ್ದಕ್ಕೆ ಸಂಬಳ ಇಲ್ಲ. ಹಗಲೆಲ್ಲಾ ಆಫೀಸಿನಲ್ಲೋ ಅಂಗಡಿಯಲ್ಲೋ ದುಡಿದು, ಆಮೇಲೆ ಪರ್ಸಿ ಪೇಜ್ ಮೇಷ್ಟ್ರ ಕೈಕೆಳಗೆ ಅಭ್ಯಾಸ.

‘ಹವ್ಯಾಸಿ ತಂಡ’ ಎಂದು ಬರೆದೆ. ಅಕ್ಕ ಓದಿ, “ಓ, ಟೈಂಪಾಸಿಗೆ ಆಡ್ತಿದ್ರಾ?” ಅಂದಳು. ಅಲ್ಲೇ ಕೆಟ್ಟಿತು. ಹವ್ಯಾಸ ಅಂದರೆ ನಮಗೆ ಬಯೋಡೇಟಾದ ಕೊನೇ ಸಾಲು, ಅಂಚೆಚೀಟಿ ಸಂಗ್ರಹ. (ಮರಾಠಿಯಲ್ಲಿ ಇದೇ ಪದಕ್ಕೆ ಅತಿಯಾಸೆ, ಹಪಹಪಿ ಎಂಬ ಅರ್ಥ. ಅವರ ಹವ್ಯಾಸಿ ನಾಟಕದವರು ‘ಹೌಶಿ’. ಗ್ರ್ಯಾಡ್ಸ್ ಹುಡುಗಿಯರಿಗೆ ಮರಾಠಿ ಅರ್ಥವೇ ಜಾಸ್ತಿ ಹೊಂದುತ್ತೆ!)

‘ವೃತ್ತಿಪರರಲ್ಲದ’ ಎಂದರೆ ಇನ್ನೂ ಕೆಟ್ಟದ್ದು. ‘ವೃತ್ತಿಪರ’ ಅಂದರೆ ಈಗ ಕೆಲಸದಲ್ಲಿ ಅಚ್ಚುಕಟ್ಟು ಎಂದೇ ಅರ್ಥ. ಅಲ್ಲದವರು ಅಂದರೆ ಬೈದ ಹಾಗೆ. ನಾಟಕದವರು ಜಾಣರು, ‘ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ’ ಎಂದು ಇಟ್ಟುಕೊಂಡರು. ಅಲ್ಲಿ ಹವ್ಯಾಸಿ ಅಂದರೆ ಹೊಟ್ಟೆಪಾಡು ಬೇರೆ ಕಡೆ ಇದೆ ಅಂತ ಅಷ್ಟೇ. ಯಕ್ಷಗಾನದಲ್ಲೂ ಹಾಗೇ, ಹವ್ಯಾಸಿ ಕಲಾವಿದ ಅಂದಾಕ್ಷಣ ಯಾರೂ ಮೂಗು ಮುರಿಯುವುದಿಲ್ಲ. ಕ್ರೀಡಾಪುಟದಲ್ಲಿ ಮಾತ್ರ ಪದ ಯಾಕೋ ಸಪ್ಪೆ.

ಸದ್ಯಕ್ಕೆ ‘ಸಂಬಳವಿಲ್ಲದೆ ಆಡುತ್ತಿದ್ದ ತಂಡ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಇನ್ನೊಂದು ಸಣ್ಣದು. ‘ಗ್ರ್ಯಾಡ್ಸ್’ ಅನ್ನು ಮೊದಲು ‘ಪದವೀಧರೆಯರು’ ಮಾಡಿದ್ದೆ. ತಪ್ಪು. ಇವರು ಮುಗಿಸಿದ್ದು ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಸುವ ಮೆಕ್‌ಡೂಗಲ್ ಕಮರ್ಷಿಯಲ್ ಹೈಸ್ಕೂಲು. ಪೇಜ್ ಅಲ್ಲಿಯ ಮೇಷ್ಟ್ರು. ಅಲ್ಲಿ ಹೈಸ್ಕೂಲು ಮುಗಿಸಿದವರೂ ಗ್ರಾಜುಯೇಟೇ, ನಮ್ಮಲ್ಲಿ ಡಿಗ್ರಿ ಬೇಕು. ‘ಹಳೆ ವಿದ್ಯಾರ್ಥಿನಿಯರ ತಂಡ’ ಅಂದರೆ ಸರಿ ಅಲ್ವಾ?

ಕಬಡ್ಡಿ, ವಾಲಿಬಾಲ್ ಅಂಗಳದಲ್ಲಿ ಓಡಾಡಿದವರು ಹೇಳಿ: ಕೆಲಸಕ್ಕೆ ಹೋಗಿ ಬಂದು, ಕಾಸು ಮುಟ್ಟದೆ, ಜೀವ ಬಿಟ್ಟು ಆಡುವವರಿಗೆ ನಿಮ್ಮೂರಲ್ಲಿ ಏನಂತಾರೆ?