ಪದೇ ಪದೇ ಫಿಸ್ಟುಲಾ, ಒಳಬಾಯಿ ಮಾತ್ರ ಸಿಗದು. ಗುದನಾಳದ ಹಿಂದೆ ಸಿಸ್ಟ್: ಸೂಜಿ ಹಾಕಬಹುದೇ?

ಸರ್ಜರಿ ಪಿಜಿ, ಎರಡನೇ ವರ್ಷ

ರೋಗಿ 34ರ ಹೆಂಗಸು. ಗುದದ್ವಾರದ ಹಿಂಬದಿಯ ನಡುಗೆರೆಯಲ್ಲಿ ಕೀವು ತುಂಬಿದೆಯೆಂದು ಬೇರೆ ಕಡೆ ಎರಡು ಸಲ ಕೊಯ್ದಿದ್ದಾರೆ, ಆಮೇಲೆ ಫಿಸ್ಟುಲಾ (ಒಳಗಿನಿಂದ ಚರ್ಮಕ್ಕೆ ತೆರೆಯುವ ಕೀವಿನ ದಾರಿ) ಎಂದು ಇನ್ನೊಂದು ಆಪರೇಷನ್. ಆ ದಾರಿ ಒಳಗೆ ತೆರೆಯುವ ತೂತು, ಅಂದರೆ ಒಳಬಾಯಿ, ಒಮ್ಮೆಯೂ ಸಿಕ್ಕಿಲ್ಲ. ಈಗ ಜ್ವರ, ಕೀವು ಇಲ್ಲ. ಕೂತರೆ ಬಾಲಮೂಳೆಯ ಹತ್ತಿರ ನೋವು, ಜೊತೆಗೆ ಮಲಬದ್ಧತೆ. ಬೆರಳು ಹಾಕಿ ನೋಡಿದರೆ ಗುದನಾಳದ ಹಿಂದೆ ನುಣುಪಾದ ಮೆತ್ತನೆಯ ಗಂಟು. ಅದರ ಮೇಲಂಚು ಬೆರಳಿಗೆ ಎಟುಕುತ್ತದೆ. ಎಂಆರ್‌ಐನಲ್ಲಿ 5.5 ಸೆಂ.ಮೀ. ಅಳತೆಯ, ಹಲವು ಕೋಣೆಗಳ ಸಿಸ್ಟ್, ಎಸ್4 (ಬಾಲಮೂಳೆಯ ಮೇಲಿರುವ ಸೇಕ್ರಮ್ ಮೂಳೆಯ ನಾಲ್ಕನೇ ಭಾಗ) ಮಟ್ಟದಿಂದ ಬಾಲಮೂಳೆಯ ತುದಿವರೆಗೆ. ‘ಟೇಲ್‌ಗಟ್ ಸಿಸ್ಟ್ ಇರಬಹುದು’ ಎಂದು ರಿಪೋರ್ಟ್, ಅಂದರೆ ಭ್ರೂಣದ ಬಾಲದ ಕರುಳಿನ ಉಳಿಕೆ.

ಮೊದಲು ಸೂಜಿ ಹಾಕಿ ದ್ರವ ಪರೀಕ್ಷೆಗೆ ಕಳಿಸಬೇಕೇ? ಹೊಟ್ಟೆಯ ಕಡೆಯಿಂದ ಹೋಗಬೇಕೇ, ಹಿಂದಿನಿಂದಲೇ? ಬಾಲಮೂಳೆ ತೆಗೆಯಲೇಬೇಕೇ?

ರೇಡಿಯಾಲಜಿ

ಸೂಜಿ ಬೇಡ. ಗುದನಾಳದ ಮೂಲಕವಾಗಲಿ ಯೋನಿಯ ಮೂಲಕವಾಗಲಿ ಖಂಡಿತ ಬೇಡ. ಶುದ್ಧವಾಗಿರುವ ಸಿಸ್ಟಿಗೆ ನಾವೇ ಸೋಂಕು ತಂದುಹಾಕಿದಂತಾಗುತ್ತದೆ. ಒಳಗೆ ಕ್ಯಾನ್ಸರ್ ಇದ್ದರೆ ಸೂಜಿಯ ದಾರಿಯುದ್ದಕ್ಕೂ ಜೀವಕೋಶ ಉದುರಬಹುದು. ಇಷ್ಟಾಗಿಯೂ ಸಿಗುವ ನಾಲ್ಕು ಹನಿ ಲೋಳೆಯಿಂದ ‘ಕ್ಯಾನ್ಸರ್ ಇಲ್ಲ’ ಎಂದು ಹೇಳಲಾಗದು.

ಅದಕ್ಕಿಂತ ದೊಡ್ಡ ಭಯ ಮುಂಬದಿಯ ಸೇಕ್ರಲ್ ಮೆನಿಂಗೊಸೀಲ್ (ಮಿದುಳುಬಳ್ಳಿಯ ಹೊದಿಕೆ ಸೇಕ್ರಮ್‌ನಿಂದ ಮುಂದಕ್ಕೆ ಉಬ್ಬಿದ ಚೀಲ). ಅದೂ ಹುಟ್ಟಿನಿಂದಲೇ ಬಂದದ್ದು, ಅದೂ ಗುದನಾಳದ ಹಿಂದಿನ ನೀರಿನ ಚೀಲವೇ. ಆದರೆ ಒಳಗಿರುವುದು ಮಿದುಳುಬಳ್ಳಿಯ ದ್ರವ. ಅದಕ್ಕೆ ಸೂಜಿ ಹಾಕಿದರೆ ಮೆನಿಂಜೈಟಿಸ್ ಬಂದು ಪ್ರಾಣಕ್ಕೇ ಕುತ್ತು. ಹಾಗಾಗಿ ಎಂಆರ್‌ಐನ ಸ್ಯಾಜಿಟಲ್ (ಪಕ್ಕದಿಂದ ಕಂಡಂತಹ) ಟಿ2 (ನೀರು ಬೆಳ್ಳಗೆ ಕಾಣುವ) ಚಿತ್ರಗಳಲ್ಲಿ ಡ್ಯೂರಾ (ಮಿದುಳುಬಳ್ಳಿಯ ಹೊರ ಹೊದಿಕೆ) ಚೀಲದ ಕೊನೆಯಿಂದ ಗಂಟಿನವರೆಗೆ ಕತ್ತು ಏನಾದರೂ ಇದೆಯೇ ನೋಡಿ. ಎಕ್ಸ್‌ರೇಯಲ್ಲಿ ಸೇಕ್ರಮ್‌ನ ಒಂದು ಅಂಚು ಕುಡುಗೋಲಿನಂತೆ ಬಾಗಿದ್ದರೆ ಅಲ್ಲೇ ನಿಲ್ಲಿಸಿ, ನ್ಯೂರೋಸರ್ಜನ್‌ರನ್ನು ಕರೆಯಿರಿ. ಮೂಳೆಯ ಕೊರತೆ, ಗಂಟು, ಜೊತೆಗೆ ಗುದದ್ವಾರವೂ ಚಿಕ್ಕಂದಿನಿಂದ ಕಿರಿದಾಗಿದ್ದರೆ ಕರಾರಿನೋ ಸಿಂಡ್ರೋಮ್. ಮನೆಯ ಉಳಿದವರನ್ನೂ ಪರೀಕ್ಷಿಸಬೇಕು.

ಟೇಲ್‌ಗಟ್ ಸಿಸ್ಟ್ ಟಿ2ನಲ್ಲಿ ಬೆಳ್ಳಗೆ, ದೊಡ್ಡ ಕೋಣೆಯ ಸುತ್ತ ಜೇನುಗೂಡಿನಂತೆ ಸಣ್ಣ ಕೋಣೆಗಳು. ಟಿ1ನಲ್ಲಿ (ನೀರು ಕಪ್ಪಗೆ ಕಾಣುವ ಚಿತ್ರ) ಸಾಮಾನ್ಯವಾಗಿ ಕಪ್ಪು, ಲೋಳೆ ಗಟ್ಟಿಯಾಗಿದ್ದರೆ ಅಥವಾ ರಕ್ತ ಸೇರಿದ್ದರೆ ಅಲ್ಲೂ ಬೆಳ್ಳಗೆ. ಕೊಬ್ಬು ಕಂಡರೆ ಡರ್ಮಾಯ್ಡ್ ಅಥವಾ ಟೆರಟೋಮಾ. ಒಂದೇ ಕೋಣೆಯಿದ್ದು ಡಿಫ್ಯೂಷನ್‌ನಲ್ಲಿ ಹೊಳೆದರೆ ಎಪಿಡರ್ಮಾಯ್ಡ್. ನಿಮ್ಮ ಚಿತ್ರದಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ಗೋಡೆಯ ದಪ್ಪ: ಗ್ಯಾಡೋಲಿನಿಯಮ್ ಎಂಬ ಕಾಂಟ್ರಾಸ್ಟ್ ಕೊಟ್ಟಾಗ ಹೊಳೆಯುವ ಗಟ್ಟಿ ಗಂಟು ಗೋಡೆಯಲ್ಲಿದ್ದರೆ ಕ್ಯಾನ್ಸರ್ ಅನುಮಾನ. ಕಾಂಟ್ರಾಸ್ಟ್ ಇಲ್ಲದೆ ತೆಗೆದ ಎಂಆರ್‌ಐ ಆಗಿದ್ದರೆ ಮತ್ತೆ ಮಾಡಿಸಿ.

ಕೊಲೊರೆಕ್ಟಲ್ ಸರ್ಜನ್

ಮೇಡಂ ಹೇಳಿದ್ದು ಸರಿ. ಭ್ರೂಣಕ್ಕೆ ಬಾಲವಿರುವ ದಿನಗಳಲ್ಲಿ ಕರುಳು ಗುದದ್ವಾರ ದಾಟಿ ಬಾಲದೊಳಕ್ಕೂ ಚಾಚಿರುತ್ತದೆ. 8ನೇ ವಾರದ ಹೊತ್ತಿಗೆ ಅದು ಕರಗಬೇಕು. ಕರಗದೆ ಉಳಿದ ತುಣುಕೇ ಈ ಸಿಸ್ಟ್. ಆದ್ದರಿಂದಲೇ ಗುದನಾಳಕ್ಕೆ ಬಾಯಿ ತೆರೆದಿರುವುದಿಲ್ಲ, ಒಳಬಾಯಿಗೆ ಎಷ್ಟು ತಡಕಿದರೂ ಸಿಗುವುದಿಲ್ಲ. ಹಿಂಬದಿ ನಡುಗೆರೆಯಲ್ಲಿ ಮರುಕಳಿಸುವ ಕೀವು, ಅಲ್ಲೊಂದು ಸಣ್ಣ ಕುಳಿ, ಒಳಬಾಯಿ ಇಲ್ಲ: ಇಷ್ಟಿದ್ದರೆ ಇನ್ನೊಮ್ಮೆ ಕೊಯ್ಯುವ ಮೊದಲೇ ಎಂಆರ್‌ಐ ಆಗಬೇಕು. ಈ ರೋಗಿಗೆ ಅದು ಎರಡು ಆಪರೇಷನ್ ಹಿಂದೆಯೇ ಆಗಬೇಕಿತ್ತು.

ದಾರಿ ಆರಿಸಲು ಎಸ್3 ಗೆರೆ. ಗಂಟು ಪೂರ್ತಿ ಅದರ ಕೆಳಗಿದ್ದು ಮೇಲಂಚು ಬೆರಳಿಗೆ ಎಟುಕಿದರೆ ಹಿಂದಿನಿಂದ. ಪೂರ್ತಿ ಮೇಲಿದ್ದರೆ ಹೊಟ್ಟೆಯಿಂದ, ಲ್ಯಾಪರೋಸ್ಕೋಪಿಯಲ್ಲೇ ಆಗುತ್ತದೆ. ಎರಡೂ ಕಡೆ ಹಬ್ಬಿದ್ದರೆ ಎರಡೂ ಕಡೆಯಿಂದ. ನಿಮ್ಮದು ಹಿಂದಿನದು, ಅಂದರೆ ಕ್ರಾಸ್ಕೆ 1885ರಲ್ಲಿ ಗುದನಾಳದ ಕ್ಯಾನ್ಸರಿಗೆಂದು ವಿವರಿಸಿದ ದಾರಿ.

ಕರುಳು ಸ್ವಚ್ಛ ಮಾಡಿಸಿ. ಗೋಡೆ ಹರಿದರೆ ಅಲ್ಲೇ ಹೊಲಿದು ಮುಗಿಸಲು ಅದು ಬೇಕು. ಬೋರಲು ಮಲಗಿಸಿ ಜ್ಯಾಕ್‌ನೈಫ್ ಭಂಗಿ, ಪೃಷ್ಠಗಳನ್ನು ಟೇಪಿನಿಂದ ಎಳೆದು ಕಟ್ಟಿ. ಸೇಕ್ರಮ್‌ನ ಕೆಳತುದಿಯಿಂದ ಗುದದ್ವಾರದತ್ತ ನಡುಗೆರೆಯಲ್ಲಿ ಕೊಯ್ತ, ಗುದದ್ವಾರ ಬಿಗಿಯುವ ಹೊರ ಸ್ಫಿಂಕ್ಟರ್‌ಗೆ ತಾಕುವ ಮುನ್ನ ನಿಲ್ಲಬೇಕು. ಆನೊಕಾಕ್ಸಿಜಿಯಲ್ ಲಿಗಮೆಂಟ್ (ಗುದದ್ವಾರದಿಂದ ಬಾಲಮೂಳೆಗೆ ಕಟ್ಟಿದ ನಾರು) ಕತ್ತರಿಸಿ, ಸೊಂಟದ ತಳದ ಲಿವೇಟರ್ ಸ್ನಾಯುವನ್ನು ನಡುವೆ ಬಿಡಿಸಿ. ಆಮೇಲೆ ಎಡಗೈಗೆ ಎರಡು ಗ್ಲೌಸ್ ಹಾಕಿ ಬೆರಳನ್ನು ಗುದನಾಳದೊಳಗಿಟ್ಟು ಗಂಟನ್ನು ಗಾಯದತ್ತ ತಳ್ಳಿ. ಗೋಡೆ ಎಷ್ಟು ತೆಳುವಾಗಿದೆ ಎಂದು ಆ ಬೆರಳೇ ಹೇಳುತ್ತದೆ.

ಬಾಲಮೂಳೆ ತೆಗೆಯಲೇಬೇಕೆಂಬ ನಿಯಮವಿಲ್ಲ. ಸಿಸ್ಟ್ ಅದಕ್ಕೆ ಅಂಟಿದ್ದರೆ ಅಥವಾ ಮೇಲಕ್ಕೆ ಜಾಗ ಸಾಲದಿದ್ದರೆ ಸೇಕ್ರಮ್ ಜೊತೆಗಿನ ಕೀಲಿನಲ್ಲೇ ಬಿಡಿಸಿ. ಮೂಳೆಯ ಮುಂಬದಿಗೆ ಅಂಟಿಕೊಂಡೇ ಮೀಡಿಯನ್ ಸೇಕ್ರಲ್ ರಕ್ತನಾಳ ಇರುತ್ತದೆ, ಅದನ್ನು ಮೊದಲೇ ಸುಟ್ಟು ಮುಚ್ಚಿಕೊಳ್ಳಿ. ನಿಮ್ಮ ರೋಗಿಗೆ ಮೊದಲೇ ಮೂರು ಆಪರೇಷನ್ ಆಗಿ ಕಲೆ ಕಟ್ಟಿರುವುದರಿಂದ ನನ್ನ ಸಲಹೆ ತೆಗೆಯುವುದೇ. ಹಳೆಯ ಫಿಸ್ಟುಲಾ ದಾರಿಯನ್ನೂ ಚರ್ಮದ ತೂತಿನ ಸಮೇತ ಒಂದೇ ತುಂಡಾಗಿ ತನ್ನಿ.

ಸರ್ಜರಿ ಪಿಜಿ, ಎರಡನೇ ವರ್ಷ

ಧನ್ಯವಾದ ಸರ್, ಮೇಡಂ. ಬಿಡಿಸುವಾಗ ಸಿಸ್ಟ್ ಒಡೆದರೆ? ಗುದನಾಳ ಹರಿದರೆ?

ಕೊಲೊರೆಕ್ಟಲ್ ಸರ್ಜನ್

ಒಡೆದರೆ ಹೀರಿ, ತೂತಿಗೆ ಹೊಲಿಗೆ ಹಾಕಿ, ಜಾಗ ಚೆನ್ನಾಗಿ ತೊಳೆದು ಮುಂದುವರಿಸಿ. ಕುಗ್ಗಿದ ಸಿಸ್ಟಿನ ಗೋಡೆ ಎಲ್ಲಿ ಮುಗಿಯಿತು ಎಂಬುದು ತಪ್ಪಿಹೋಗುತ್ತದೆ, ಅಪಾಯ ಅಲ್ಲಿದೆ: ಸುತ್ತಲಿನ ಸಣ್ಣ ಕೋಣೆಯೊಂದು ಉಳಿದರೂ ಮರುಕಳಿಸುತ್ತದೆ. ಗುದನಾಳಕ್ಕೆ ಬಲವಾಗಿ ಅಂಟಿದ್ದ ಕಡೆ ಸಿಸ್ಟಿನ ಗೋಡೆ ಬಿಡುವ ಬದಲು ಗುದನಾಳದ ಸ್ನಾಯುವಿನ ತೆಳುಪದರವನ್ನೇ ಜೊತೆಗೆ ತೆಗೆಯಿರಿ. ಕೊನೆಗೆ ಗಾಯಕ್ಕೆ ಸಲೈನ್ ತುಂಬಿ ಗುದದ್ವಾರದಿಂದ ಗಾಳಿ ಬಿಡಿ. ಗುಳ್ಳೆ ಬಂದರೆ 3-0 ಕರಗುವ ದಾರದಲ್ಲಿ ಎರಡು ಪದರ ಹೊಲಿದು ಮತ್ತೆ ಪರೀಕ್ಷಿಸಿ. ಲಿವೇಟರ್ ಕೂಡಿಸಿ, ಸಕ್ಷನ್ ಡ್ರೇನ್ ಇಡಿ. ಸಿಸ್ಟ್ ತೆಗೆದ ಖಾಲಿ ಜಾಗದಲ್ಲಿ ರಕ್ತ ನಿಂತು ಕೀವಾಗುವುದೇ ಇಲ್ಲಿ ಹೆಚ್ಚು ಕಾಡುವ ತೊಂದರೆ.

ಆಪರೇಷನ್‌ಗೆ ಮೊದಲೇ ಮತ್ತೆ ಕೀವು ತುಂಬಿಕೊಂಡರೆ ಗುದನಾಳದ ಮೂಲಕ ಬಿಡಬೇಡಿ. ಮುಂದೆ ತೆಗೆದುಹಾಕಲಿರುವ ಚರ್ಮದ ಜಾಗದಿಂದಲೇ ಬಿಟ್ಟು, ಉರಿಯೂತ ಪೂರ್ತಿ ಇಳಿಯಲು ಕೆಲವು ವಾರ ಕಾಯಿರಿ.

ಪೆಥಾಲಜಿ

ದಯವಿಟ್ಟು ಸಿಸ್ಟನ್ನು ಥಿಯೇಟರಿನಲ್ಲಿ ಸೀಳಿ ನೋಡಬೇಡಿ. ಗುದನಾಳದ ಬದಿಗೆ ಒಂದು ದಾರ, ಬಾಲಮೂಳೆಯ ಬದಿಗೆ ಎರಡು ದಾರ ಕಟ್ಟಿ ಇಡಿಯಾಗಿ ಕಳಿಸಿ. ಅಂಚು ಎಲ್ಲಿ ಉಳಿದಿದೆ ಎಂದು ಹೇಳಲು ನಮಗೆ ಅದೊಂದೇ ಆಧಾರ. ಒಳಪದರ ಒಂದೇ ಸಿಸ್ಟಿನಲ್ಲಿ ಒಂದು ಕಡೆ ಸ್ಕ್ವೇಮಸ್ (ಚಪ್ಪಟೆ ಕೋಶ), ಇನ್ನೊಂದು ಕಡೆ ಲೋಳೆ ಸುರಿಸುವ ಕಾಲಮ್ನಾರ್ (ಕಂಬದಂತಹ ಕೋಶ), ಮತ್ತೊಂದು ಕಡೆ ಟ್ರಾನ್ಸಿಷನಲ್ (ಮೂತ್ರಕೋಶದಲ್ಲಿರುವಂತಹ ಕೋಶ) ಇರುತ್ತದೆ. ಗೋಡೆಯಲ್ಲಿ ನಯಸ್ನಾಯು ಚೆದುರಿರುತ್ತದೆ. ಸ್ನಾಯು ಎರಡು ಅಚ್ಚುಕಟ್ಟಾದ ಪದರವಾಗಿದ್ದು ನಡುವೆ ನರಜಾಲ ಕಂಡರೆ ಅದು ಟೇಲ್‌ಗಟ್ ಅಲ್ಲ, ಗುದನಾಳದ ಡೂಪ್ಲಿಕೇಷನ್ ಸಿಸ್ಟ್.

ಅಡಿನೊಕಾರ್ಸಿನೋಮಾ ಅಥವಾ ನ್ಯೂರೋಎಂಡೊಕ್ರೈನ್ ಗಡ್ಡೆ ಇದ್ದರೆ ಗೋಡೆಯ ಕೆಲವೇ ಮಿಲಿಮೀಟರಿನಲ್ಲಿ ಅಡಗಿರಬಹುದು. ಅದಕ್ಕೇ ದಪ್ಪಗಿರುವ ಭಾಗವನ್ನೆಲ್ಲ ಪೂರ್ತಿ ಬ್ಲಾಕ್ (ಮೇಣದಲ್ಲಿ ಅಚ್ಚುಹಾಕಿದ ತುಂಡು) ಮಾಡಿ ನೋಡಬೇಕು. ರಿಕ್ವೆಸ್ಟ್ ಫಾರಮ್ಮಿನಲ್ಲಿ ಬರೀ ‘ಸಿಸ್ಟ್’ ಎಂದು ಬರೆದರೆ ನಾಲ್ಕೈದು ಬ್ಲಾಕಿಗೇ ಮುಗಿದುಬಿಡುತ್ತದೆ. ‘ಟೇಲ್‌ಗಟ್ ಸಿಸ್ಟ್, ಕ್ಯಾನ್ಸರ್ ಹುಡುಕಿ’ ಎಂದೇ ಬರೆಯಿರಿ.