ಐದು ಸಾವಿರ ರೂಪಾಯಿಯೊಳಗೆ ಸಮೂಹ ಗಾಯನ: ಯಾವ ಕಾಯಿರ್ ಲೈಬ್ರರಿ ಕೊಳ್ಳಲಿ?

ನಿಟ್ಟುವಳ್ಳಿ ಹಾರ್ಮೋನಿಯಂ ಕೇಳಿದ ಪ್ರಶ್ನೆ:

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಸ್ಟುಡಿಯೋ. ಹಗಲು ಬಟ್ಟೆ ಅಂಗಡಿಯ ಲೆಕ್ಕ, ರಾತ್ರಿ ಸಂಗೀತ. ಈಗ ಎರಡು ಕೆಲಸಗಳು ಒಟ್ಟಿಗೆ ಬಂದಿವೆ. ಒಂದು, ಹವ್ಯಾಸಿ ತಂಡವೊಂದು ಆಡಲಿರುವ ಒನಕೆ ಓಬವ್ವನ ನಾಟಕಕ್ಕೆ ಹಿನ್ನೆಲೆ ಸಂಗೀತ. ಇನ್ನೊಂದು, ಪರಿಚಿತರೊಬ್ಬರು ತಾಯಿಯ ನೆನಪಿಗೆಂದು ಮಾಡಿಸುತ್ತಿರುವ ವಚನಗಳ ಧ್ವನಿಮುದ್ರಣ. ಎರಡಕ್ಕೂ ಸಮೂಹದ ದನಿ ಬೇಕು. ನಾಟಕದ ನಿರ್ದೇಶಕರಂತೂ ನೂರು ಜನ ಹಾಡಿದಂತೆ ಕೇಳಿಸಬೇಕು ಎಂದು ಪಟ್ಟು ಹಿಡಿದಿದ್ದಾರೆ. ನೂರು ಜನರಿಗೆ ಚಹಾ ಕುಡಿಸುವಷ್ಟು ಹಣವೂ ಅವರ ಬಳಿ ಇಲ್ಲ.

ನನ್ನ ಬಳಿ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಎರಡು ಮೈಕ್ ಜೋಡಿಸಬಹುದಾದ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಕಂಪ್ಯೂಟರಿಗೆ ಜೋಡಿಸಿ ನುಡಿಸುವ 49 ಕೀಲಿಗಳ ಮಿಡಿ ಕೀಬೋರ್ಡ್ ಮತ್ತು ಹಾಡು ಮುದ್ರಿಸಿ ಜೋಡಿಸುವ ರೀಪರ್ ತಂತ್ರಾಂಶ ಇವೆ. ಐದು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ಯೂಟ್ಯೂಬ್‌ನಲ್ಲಿ ಕೇಳಿದ ದೊಡ್ಡ ಕಾಯಿರ್ ಲೈಬ್ರರಿಗಳೆಲ್ಲ (ಮುದ್ರಿಸಿಟ್ಟ ಸಮೂಹದ ದನಿಯನ್ನು ಕೀಬೋರ್ಡಿನಿಂದ ನುಡಿಸುವ ಸಂಗ್ರಹಗಳು) ಮೈ ನವಿರೇಳಿಸುತ್ತವೆ, ಬೆಲೆ ನೋಡಿದರೆ ಎದೆ ಒಡೆಯುತ್ತದೆ. ಕೆಲವು ಅಗ್ಗಕ್ಕೆ ಸಿಗುತ್ತವೆ, ಆದರೆ ‘ಪೂರ್ಣ ಕಾಂಟ್ಯಾಕ್ಟ್ ಬೇಕು’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಮಾತಿನ ಅರ್ಥವೇನು? ಇವುಗಳಿಂದ ಕನ್ನಡದ ಪದಗಳನ್ನು ಹಾಡಿಸಬಹುದೇ? ವಚನದ ಕೊನೆಯ ಅಂಕಿತವನ್ನಾದರೂ ಎಲ್ಲರೂ ಸೇರಿ ಹಾಡಿದಂತೆ ಬರಬೇಕೆಂಬುದು ನನ್ನ ಆಸೆ.

ಮಂಡಕ್ಕಿ ಮಿಡಿ:

ದುಡ್ಡು ಬಿಚ್ಚುವ ಮೊದಲು ಉಚಿತವಾಗಿ ಸಿಗುವುದನ್ನು ನೋಡಿ. ಸ್ಪಿಟ್‌ಫೈರ್ ಆಡಿಯೋದ ಲ್ಯಾಬ್ಸ್‌ನಲ್ಲಿ ಕಾಯಿರ್ ಇದೆ. ಅದಕ್ಕೆ ಕಾಂಟ್ಯಾಕ್ಟ್ ಎಂಬ ಲೈಬ್ರರಿ ನುಡಿಸುವ ತಂತ್ರಾಂಶ ಬೇಡ, ಅವರದೇ ಪ್ಲಗಿನ್‌ನಲ್ಲಿ (ರೀಪರ್ ಒಳಗೆ ಕೂರುವ ಉಪತಂತ್ರಾಂಶ) ನಡೆಯುತ್ತದೆ. ಸೊನಾಟಿನಾ ಸಿಂಫೊನಿಕ್ ಆರ್ಕೆಸ್ಟ್ರಾ ಎಂಬ ಹಳೆಯ ಉಚಿತ ಸಂಗ್ರಹದಲ್ಲಿ ಗಂಡಸರ ಮತ್ತು ಹೆಂಗಸರ ಕೋರಸ್ ಎರಡೂ ಇವೆ. ಎಸ್‌ಎಫ್‌ಜೆಡ್ ರೂಪದ ಕಡತಗಳಾದ್ದರಿಂದ ಪ್ಲೋಗ್ ಕಂಪನಿಯ ಸ್ಫೋರ್ಝಾಂಡೊ ಎಂಬ ಉಚಿತ ಪ್ಲೇಯರ್‌ನಲ್ಲಿ ತೆರೆಯುತ್ತವೆ. ಪಿಯಾನೊಬುಕ್ ತಾಣದಲ್ಲಿ ಜನರೇ ಮಾಡಿ ಹಂಚಿಕೊಂಡ ಧ್ವನಿಗಳಿವೆ, ಅವುಗಳಲ್ಲಿ ಹಲವು ಡೀಸೆಂಟ್ ಸ್ಯಾಂಪ್ಲರ್‌ನಲ್ಲಿ ನುಡಿಯುತ್ತವೆ, ಅದೂ ಉಚಿತ. 8 ಜಿಬಿ ರ‍್ಯಾಮಿಗೆ ಇವು ಭಾರವಲ್ಲ.

ದುರ್ಗದ ಹಿಮ್ಮೇಳ:

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾ ಬಂದವನು, ಈಗ ಮನೆಯಲ್ಲೇ ಧ್ವನಿಮುದ್ರಣವನ್ನೂ ಮಾಡುತ್ತೇನೆ. ಉತ್ತರ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಮೊದಲು ನಿಮ್ಮ ನಿರ್ದೇಶಕರ ನೂರು ಜನರ ವಿಷಯ. ಲೈಬ್ರರಿ ಮಾಡುವವರು ಹತ್ತು ಹೆಂಗಸರನ್ನು ನಿಲ್ಲಿಸಿ, ಒಂದೊಂದು ಸ್ವರದಲ್ಲೂ ‘ಆ’ ಎಂದು ಹಾಡಿಸಿ ಮುದ್ರಿಸಿದ್ದಾರೆ ಎಂದುಕೊಳ್ಳಿ. ನೀವು ಒಂದು ಕೀಲಿ ಒತ್ತಿದರೆ ಹತ್ತು ಜನ ಹಾಡುತ್ತಾರೆ, ನಾಲ್ಕು ಕೀಲಿ ಒತ್ತಿದರೆ ನಲವತ್ತು ಜನ. ನಿಜವಾದ ತಂಡ ಹಾಗಲ್ಲ. ನಾಲ್ಕು ಸ್ವರಗಳಾದಾಗ ಅದೇ ಹತ್ತು ಜನ ಇಬ್ಬರು ಮೂವರಂತೆ ಹಂಚಿಕೊಳ್ಳುತ್ತಾರೆ, ಒಟ್ಟು ದನಿ ಅಷ್ಟೇ ಇರುತ್ತದೆ. ಆದ್ದರಿಂದ ಜನ ಹೆಚ್ಚಿಸುವುದು ಕಂಪ್ಯೂಟರಿನಲ್ಲಿ ಸುಲಭ, ಕಡಿಮೆ ಮಾಡುವುದೇ ಕಷ್ಟ. ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತುವ ಕಡೆ ಧ್ವನಿಮಟ್ಟ ಇಳಿಸಿ, ಇಲ್ಲವಾದರೆ ಓಬವ್ವನ ಮಾತು ಕೊನೆಯ ಸಾಲಿನವರಿಗೆ ಕೇಳಿಸುವುದಿಲ್ಲ.

ಇನ್ನು ಕಾಂಟ್ಯಾಕ್ಟ್. ಅದರ ಪ್ಲೇಯರ್ ಉಚಿತ, ಆದರೆ ಅದಕ್ಕೆಂದು ಪರವಾನಗಿ ಪಡೆದ ಲೈಬ್ರರಿಗಳು ಮಾತ್ರ ಅದರಲ್ಲಿ ಪೂರ್ತಿ ನಡೆಯುತ್ತವೆ. ಉಳಿದವನ್ನು ತೆರೆದರೆ ಹದಿನೈದು ನಿಮಿಷಕ್ಕೆ ದನಿ ನಿಂತುಹೋಗುತ್ತದೆ. ಪೂರ್ಣ ಕಾಂಟ್ಯಾಕ್ಟಿನ ಪಟ್ಟಿ ಬೆಲೆ 299 ಡಾಲರ್, ಅಂದರೆ ಇಪ್ಪತ್ತೈದು ಸಾವಿರ ರೂಪಾಯಿಗೂ ಮೇಲೆ. ಹೀಗಾಗಿ 40 ಡಾಲರಿನ ‘ಅಗ್ಗದ’ ಲೈಬ್ರರಿ ನಿಮಗೆ ಅಗ್ಗವಲ್ಲ. ಈ ಪೂರ್ಣ ಆವೃತ್ತಿ ಈಗಾಗಲೇ ಇದ್ದವರಿಗೆ ಸೌಂಡ್‌ಐರನ್ ಕಂಪನಿಯ ಹಳೆಯ ಕಾಯಿರ್‌ಗಳು ಚೆನ್ನಾಗಿವೆ. ವೀನಸ್ ಹೆಂಗಸರದು, ಮಾರ್ಸ್ ಗಂಡಸರದು, ಮರ್ಕ್ಯುರಿ ಹುಡುಗರದು. ಬಲ್ಗೇರಿಯಾದ ಸ್ಟ್ರೆಝೋವ್ ಸ್ಯಾಂಪ್ಲಿಂಗ್‌ನವರ ದನಿಗಳು ನನಗೆ ಇನ್ನೂ ಇಷ್ಟ, ಅವರ ಹೆಂಗಸರ ದನಿಯಲ್ಲಿ ಬಯಲಿನ ಗಡಸು ಇದೆ. ಇವೆಲ್ಲ ನಿಮ್ಮ ಐದು ಸಾವಿರದ ಆಚೆಗಿನ ಮಾತು. ಸದ್ಯಕ್ಕೆ ಮಂಡಕ್ಕಿ ಮಿಡಿಯವರು ಹೇಳಿದ ಲ್ಯಾಬ್ಸ್ ಸಾಕು. ಇನ್ನಷ್ಟು ಅಬ್ಬರ ಬೇಕೆಂದರೆ ಅದೇ ಸ್ಪಿಟ್‌ಫೈರ್‌ನವರ ಒರಿಜಿನಲ್ಸ್ ಸರಣಿಯ ಎಪಿಕ್ ಕಾಯಿರ್ 29 ಡಾಲರಿಗೆ ಬಂದಿತ್ತು. ಅದಕ್ಕೂ ಕಾಂಟ್ಯಾಕ್ಟ್ ಬೇಡ.

ಪದಗಳ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಈಸ್ಟ್‌ವೆಸ್ಟ್ ಕಂಪನಿಯ ಹಾಲಿವುಡ್ ಕಾಯಿರ್ಸ್‌ನಲ್ಲಿ ವರ್ಡ್‌ಬಿಲ್ಡರ್ ಎಂಬ ಸೌಲಭ್ಯವಿದೆ. ಉಚ್ಚಾರಣೆಯನ್ನು ಬರೆದು ಕೊಟ್ಟರೆ ತುಂಡು ತುಂಡು ಧ್ವನಿಗಳನ್ನು ಜೋಡಿಸಿ ಹಾಡುತ್ತದೆ. ಆದರೆ ಆ ಧ್ವನಿಗಳು ಇಂಗ್ಲಿಷ್, ಲ್ಯಾಟಿನ್ ಹಾಡುವವರ ಬಾಯಿಂದ ಬಂದವು. ‘ಕೂಡಲಸಂಗಮದೇವಾ’ ಎಂದು ಕೊಡಿ, ‘ಡ’ ಹಲ್ಲಿನ ಕಡೆ ಜಾರುತ್ತದೆ. ‘ಅಣ್ಣ’, ‘ಒಳ್ಳೆ’ ಎಂಬಲ್ಲಿನ ಒತ್ತು, ‘ಣ’, ‘ಳ’ ಯಾವುದೂ ಹೊರಡುವುದಿಲ್ಲ. ವಚನವನ್ನು ವಿದೇಶಿ ಪ್ರವಾಸಿಗರಿಂದ ಓದಿಸಿದಂತಾಗುತ್ತದೆ. ಇನ್ನು ಸಿದ್ಧ ಪದಗಳನ್ನು ಕೂಗುವ ‘ಎಪಿಕ್’ ಲೈಬ್ರರಿಗಳಲ್ಲಿ ಬಹುಪಾಲು ಲ್ಯಾಟಿನ್ ಅಥವಾ ಲ್ಯಾಟಿನ್‌ನಂತೆ ಕೇಳುವ ಉಚ್ಚಾರ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವ ಹೊತ್ತಿಗೆ ಹಿಂದಿನಿಂದ ಲ್ಯಾಟಿನ್ ಪ್ರಾರ್ಥನೆ ಕೇಳಿಸಿದರೆ ನಮ್ಮ ದುರ್ಗದ ಪ್ರೇಕ್ಷಕ ಸುಮ್ಮನಿರುವವನಲ್ಲ. ಆ ಕೋಟೆಯ ಒಂದೊಂದು ಕಲ್ಲಿನ ಕಥೆಯನ್ನೂ ಬಾಯಿಪಾಠ ಮಾಡಿಕೊಂಡಿರುವ ಊರು ಇದು.

ಆದ್ದರಿಂದ ಲೈಬ್ರರಿಯಿಂದ ‘ಆ’, ‘ಊ’, ‘ಮ್’ ಮಾತ್ರ ತೆಗೆದುಕೊಳ್ಳಿ. ಪದ ಬೇಕಾದಲ್ಲಿ ಮನುಷ್ಯರನ್ನೇ ಕರೆಯಿರಿ. ನಾಲ್ಕು ಜನ ಸಾಕು, ಅವರೆಲ್ಲ ದೊಡ್ಡ ಗಾಯಕರಾಗಬೇಕಿಲ್ಲ, ಶ್ರುತಿ ಬಿಡದಿದ್ದರೆ ಆಯಿತು. ಮೈಕಿನಿಂದ ಒಂದೂವರೆ ಮೀಟರ್ ದೂರ ಅರ್ಧ ವೃತ್ತದಲ್ಲಿ ನಿಲ್ಲಿಸಿ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಪಕ್ಕದವರಿಗೆ. ಒಮ್ಮೆ ಹಾಡಿಸಿದ ಮೇಲೆ ಜಾಗ ಬದಲಿಸಿ ಮತ್ತೆ ಹಾಡಿಸಿ. ಅದೇ ಜಾಗ, ಅದೇ ದೂರದಲ್ಲಿ ಮುದ್ರಿಸಿದ ಪದರಗಳು ಒಂದರ ಮೇಲೊಂದು ಕುಳಿತು, ನಾಲ್ಕೇ ಜನ ಜೋರಾಗಿ ಹಾಡಿದಂತೆ ಕೇಳುತ್ತವೆ. ಇನ್ನೊಂದು ಉಪಾಯ: ಒಂದು ಪದರಕ್ಕೆ ಇಡೀ ಹಾಡನ್ನು ಅರ್ಧ ಸ್ವರ ಇಳಿಸಿ ಕೇಳಿಸಿ, ಅದರೊಂದಿಗೆ ಹಾಡಿಸಿ, ನಂತರ ಆ ಮುದ್ರಣವನ್ನು ಅರ್ಧ ಸ್ವರ ಏರಿಸಿ. ಕಂಠದ ಬಣ್ಣವೂ ಸರಿಯುವುದರಿಂದ ಬೇರೆ ಯಾರೋ ಬಂದು ಸೇರಿಕೊಂಡಂತಾಗುತ್ತದೆ. ಏರಿಸುವಾಗ ಫಾರ್ಮಂಟ್, ಅಂದರೆ ಆ ಕಂಠದ ಬಣ್ಣವನ್ನು ಕಾಯ್ದುಕೊಳ್ಳುವ ಆಯ್ಕೆಯನ್ನು ತೆಗೆದುಬಿಡಿ. ಹೀಗೆ ನಾಲ್ಕು ಪದರಗಳಾದರೆ ಹದಿನಾರು ಕಂಠಗಳು. ಅವುಗಳ ಹಿಂದೆ ಲೈಬ್ರರಿಯ ‘ಆ’ ಮೆಲ್ಲಗೆ ಇಡಿ. ಮುಂದೆ ಕನ್ನಡದ ವ್ಯಂಜನಗಳು ಸ್ಪಷ್ಟವಾಗಿ ಕೇಳುತ್ತಿದ್ದರೆ ಹಿಂದಿನ ರಾಶಿ ದನಿಯೂ ಅದೇ ಪದವನ್ನು ಹಾಡುತ್ತಿದೆ ಎಂದು ಕಿವಿ ನಂಬಿಬಿಡುತ್ತದೆ.

ಶ್ರುತಿಯ ವಿಷಯದಲ್ಲಿ ಎಚ್ಚರ. ಈ ಲೈಬ್ರರಿಗಳು ಪಿಯಾನೊದ ಸಮ ವಿಭಾಗದ ಶ್ರುತಿಯಲ್ಲಿವೆ. ಅದರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು), ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386 ಸೆಂಟ್. ಹದಿನಾಲ್ಕು ಸೆಂಟಿನ ಈ ವ್ಯತ್ಯಾಸ ವಚನದ ನಿಧಾನಗತಿಯಲ್ಲಿ ಕಿವಿಗೆ ಚುಚ್ಚುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್. ಹಾಗಾಗಿ ತಂಬೂರಿ ಇರುವ ಕಡೆ ಕಾಯಿರ್‌ಗೆ ಷಡ್ಜ ಪಂಚಮ ಮಾತ್ರ ಕೊಡಿ, ಗಾಂಧಾರವನ್ನು ನಿಮ್ಮ ಗಾಯಕರಿಗೆ ಬಿಡಿ. ನಾಟಕದಲ್ಲಿ ತಂಬೂರಿ ಇಲ್ಲವಾದ್ದರಿಂದ ಈ ಕಟ್ಟುಪಾಡು ಬೇಡ.

ನಿಟ್ಟುವಳ್ಳಿ ಹಾರ್ಮೋನಿಯಂ:

ಗಾಂಧಾರ ಏಕೆ ಚುಚ್ಚುತ್ತಿತ್ತು ಎಂಬುದು ಈಗ ಅರ್ಥವಾಯಿತು. ನಾನು ಗಾಯಕಿಯ ಮೇಲೆಯೇ ಅನುಮಾನ ಪಡುತ್ತಿದ್ದೆ, ಪಾಪ. ಲ್ಯಾಬ್ಸ್ ಹಾಕಿಕೊಂಡು ನುಡಿಸಿದೆ. ದನಿ ಚೆನ್ನಾಗಿದೆ, ಆದರೆ ಜೀವವಿಲ್ಲ. ಆರಂಭದಿಂದ ಕೊನೆಯವರೆಗೆ ಒಂದೇ ಸಮ. ನನ್ನ ಕೋಣೆಯಲ್ಲಿ ಹಾಡಿಸಿದ್ದು ಒಣದಾಗಿ, ಲೈಬ್ರರಿಯದು ದೊಡ್ಡ ಸಭಾಂಗಣದಲ್ಲಿ ಹಾಡಿದಂತೆ ಕೇಳುತ್ತದೆ. ಎರಡೂ ಬೆರೆಯುತ್ತಿಲ್ಲ. ಇನ್ನೊಂದು ಪ್ರಶ್ನೆ, ಈಸ್ಟ್‌ವೆಸ್ಟ್‌ನ ಚಂದಾವನ್ನು ಒಂದು ತಿಂಗಳ ಮಟ್ಟಿಗೆ ಕಟ್ಟಿ ಕೆಲಸ ಮುಗಿಸಿಕೊಳ್ಳಬಹುದೇ?

ತುಂಗಭದ್ರೆಯ ದಡ:

ಹರಿಹರದಿಂದ. ಚಂದಾ ಕಟ್ಟಬಹುದು, ಕೆಲಸ ಮುಗಿದ ಮೇಲೆ ಎಲ್ಲ ಟ್ರ್ಯಾಕ್‌ಗಳನ್ನು ವೇವ್ ಕಡತಗಳಾಗಿ ಉಳಿಸಿಕೊಂಡು ನಿಲ್ಲಿಸಬಹುದು. ತಿಂಗಳ ಕರಾರೋ, ವರ್ಷದ ಕರಾರಿನ ಮಾಸಿಕ ಕಂತೋ ಎಂಬುದನ್ನು ಮಾತ್ರ ಎರಡು ಸಲ ಓದಿ. ಆದರೆ ಹಾಲಿವುಡ್ ಕಾಯಿರ್ಸ್ ಬಹಳ ದೊಡ್ಡ ಗಾತ್ರದ್ದು, ಎಸ್‌ಎಸ್‌ಡಿ ಬೇಕು, 8 ಜಿಬಿ ರ‍್ಯಾಮಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ನಾನಾಗಿದ್ದರೆ ಆ ಹಣದಲ್ಲಿ ನಾಲ್ಕು ಗಾಯಕರಿಗೆ ಬೆಣ್ಣೆ ದೋಸೆ ಕೊಡಿಸುತ್ತಿದ್ದೆ.

ಡಾಲರಿನಲ್ಲಿ ಕೊಳ್ಳುವಾಗ 18 ಪ್ರತಿಶತ ಜಿಎಸ್‌ಟಿ ಸೇರಬಹುದು, ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಹಣ ಹೋಗದಿದ್ದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆದುಕೊಳ್ಳಬೇಕು. ಆತುರವಿಲ್ಲದಿದ್ದರೆ ನವೆಂಬರಿನ ಬ್ಲ್ಯಾಕ್ ಫ್ರೈಡೇ ರಿಯಾಯಿತಿಗೆ ಕಾಯಿರಿ.

ವಚನಗಳು ಯೂಟ್ಯೂಬ್‌ಗೆ ಹೋಗುವುದಾದರೆ ಸಿದ್ಧ ಸಾಲುಗಳ ಲೂಪ್‌ಗಳನ್ನು ಬಳಸಬೇಡಿ. ಅದೇ ಲೂಪ್ ಬಳಸಿದ ಬೇರೊಬ್ಬರು ತಮ್ಮ ಹಾಡನ್ನು ಯೂಟ್ಯೂಬಿನ ಹಕ್ಕು ಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿಯಲ್ಲಿ ಸೇರಿಸಿದ್ದರೆ ಹಕ್ಕಿನ ತಕರಾರು ನಿಮ್ಮ ಮೇಲೆ ಬರುತ್ತದೆ. ಒಂದೊಂದೇ ಸ್ವರವನ್ನು ನೀವೇ ನುಡಿಸಿದರೆ ಆ ತಾಪತ್ರಯವಿಲ್ಲ. ಪಿಯಾನೊಬುಕ್‌ನಂಥ ಕಡೆ ಇಳಿಸಿಕೊಂಡ ಧ್ವನಿಗಳ ಪರವಾನಗಿಯನ್ನೂ ಓದಿ ಇಟ್ಟುಕೊಳ್ಳಿ.

ದುರ್ಗದ ಹಿಮ್ಮೇಳ:

ಜೀವ ಬರುವುದು ಎಡಗೈಯಿಂದ. ಕಾಯಿರ್ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬುದು ಮುಖ್ಯವಲ್ಲ, ಕೀಬೋರ್ಡಿನ ಎಡತುದಿಯ ಮಾಡ್ಯುಲೇಷನ್ ಚಕ್ರವೇ ಉಸಿರು. ಮಿಡಿಯ 1ನೇ ಕಂಟ್ರೋಲರ್ ಅದು. 11ನೆಯದು ಎಕ್ಸ್‌ಪ್ರೆಷನ್, ಅದರಿಂದ ಧ್ವನಿಮಟ್ಟವನ್ನು ಏರಿಳಿಸಬಹುದು. ಬಲಗೈ ಸ್ವರ ಹಿಡಿದಿರುವಾಗ ಎಡಗೈಯಲ್ಲಿ ಚಕ್ರವನ್ನು ಮೆಲ್ಲಗೆ ಏರಿಸಿ, ಸಾಲಿನ ಕೊನೆಯಲ್ಲಿ ಇಳಿಸಿ. ನೀವು ಹಾರ್ಮೋನಿಯಂನವರು, ಎಡಗೈ ತಿದಿಗೆ ಒಗ್ಗಿದೆ, ಬೇಗ ಹಿಡಿತ ಸಿಗುತ್ತದೆ. ಸಾಲುಗಳ ನಡುವೆ ಉಸಿರಿಗೆ ಜಾಗ ಬಿಡುವುದನ್ನು ಮರೆಯಬೇಡಿ. ಮೂವತ್ತು ಸೆಕೆಂಡ್ ಉಸಿರೆಳೆಯದೆ ಹಾಡುವ ತಂಡ ಎಲ್ಲಿಯೂ ಇಲ್ಲ.

ಒಣ ದನಿಗೆ ಒಂದು ಖರ್ಚಿಲ್ಲದ ದಾರಿ ಇದೆ, ದೊಡ್ಡ ಕಟ್ಟಡದ ಅನುರಣನವನ್ನೇ ಮುದ್ರಿಸಿ ತಂದು ನಿಮ್ಮ ಗಾಯಕರ ದನಿಗೆ ಹಚ್ಚುವುದು. ನಿಮ್ಮ ಬಡಾವಣೆಯಲ್ಲಿ ಯಾವುದಾದರೂ ಕಲ್ಯಾಣ ಮಂಟಪ ಖಾಲಿ ಇರುವ ಹೊತ್ತು ನೋಡಿ, ಕಾವಲುಗಾರರಿಗೆ ಹೇಳಿ ಒಳಗೆ ಹೋಗಿ. ಒಂದು ದೊಡ್ಡ ಬಲೂನನ್ನು ಬಿಗಿಯಾಗಿ ಊದಿ ವೇದಿಕೆಯ ಮೇಲೆ ಒಡೆಯಿರಿ. ಮೈಕ್ ಐದಾರು ಮೀಟರ್ ದೂರದಲ್ಲಿ, ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಬಹಳ ಕಡಿಮೆ ಇರಲಿ, ಮೊದಲ ಪೆಟ್ಟು ಕತ್ತರಿಸಿಹೋದರೆ ಆ ಮುದ್ರಣ ಕೆಲಸಕ್ಕೆ ಬಾರದು. ಫ್ಯಾನುಗಳನ್ನು ಆರಿಸಿ, ಕಿಟಕಿ ಮುಚ್ಚಿ, ಒಡೆದ ಮೇಲೆ ಅನುರಣನ ಪೂರ್ತಿ ಅಡಗುವವರೆಗೆ ಕೆಮ್ಮಬೇಡಿ. ಬೇರೆ ಬೇರೆ ಜಾಗದಲ್ಲಿ ನಿಂತು ಹಲವು ಬಲೂನುಗಳನ್ನು ಒಡೆಯುವುದು ಒಳ್ಳೆಯದು. ಮನೆಗೆ ಬಂದು ಪೆಟ್ಟಿಗೆ ಮುಂಚಿನ ಮೌನವನ್ನು ಕತ್ತರಿಸಿ, ಆ ಕಡತವನ್ನು ರೀಪರ್ ಜೊತೆಗೇ ಬರುವ ರೀವರ್ಬ್ (ReaVerb) ಎಂಬ ಪ್ಲಗಿನ್‌ನಲ್ಲಿ ತೆರೆಯಿರಿ. ಈಗ ನಿಮ್ಮ ಗಾಯಕರು ಆ ಮಂಟಪದಲ್ಲಿ ನಿಂತು ಹಾಡುತ್ತಾರೆ. ಲೈಬ್ರರಿಯಲ್ಲಿ ಮೊದಲೇ ಇರುವ ರಿವರ್ಬ್, ಅಂದರೆ ಅನುರಣನವನ್ನು ಸಾಧ್ಯವಾದಷ್ಟು ತಗ್ಗಿಸಿ, ಅದನ್ನೂ ಇದೇ ಮಂಟಪದೊಳಗೆ ಸ್ವಲ್ಪ ಕಳಿಸಿ. ಎರಡೂ ಒಂದೇ ಸೂರಿನಡಿ ಬರುತ್ತವೆ. ಕಬ್ಬಿಣದ ಶೀಟಿನ ಮಂಟಪ ಬೇಡ, ದನಿ ಡಬ್ಬಿಯಾಗುತ್ತದೆ. ಎತ್ತರದ ಕಾಂಕ್ರೀಟ್ ಚಾವಣಿಯದನ್ನು ಹುಡುಕಿ.

ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡುತ್ತಾ, ಅಂದರೆ ಲೈಬ್ರರಿಯ ಭಾರ ಇಳಿಸಿ ಬರಿಯ ಆಡಿಯೋ ಆಗಿಸುತ್ತಾ ಹೋದರೆ 8 ಜಿಬಿಯಲ್ಲೇ ಕೆಲಸ ನಡೆಯುತ್ತದೆ.

ನಿಟ್ಟುವಳ್ಳಿ ಹಾರ್ಮೋನಿಯಂ:

ಮಂಟಪದ ವ್ಯವಸ್ಥಾಪಕರು ಒಪ್ಪಿದ್ದಾರೆ. ಬಲೂನು ಒಡೆಯಲು ನಮ್ಮ ಬೀದಿಯ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ, ಅವರನ್ನು ಸುಮ್ಮನಿರಿಸುವುದೇ ದೊಡ್ಡ ಕೆಲಸ. ಸದ್ಯಕ್ಕೆ ಏನನ್ನೂ ಕೊಳ್ಳುತ್ತಿಲ್ಲ, ಲ್ಯಾಬ್ಸ್ ಮತ್ತು ಸೊನಾಟಿನಾ ಎರಡರಲ್ಲೇ ಮುಂದುವರಿಯುತ್ತೇನೆ. ನಾಟಕದ ದಿನ ಬಾಡಿಗೆ ಮೈಕ್‌ಸೆಟ್‌ನವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬೇಕು. ಯಾವ ರೂಪದಲ್ಲಿ ಕೊಡಲಿ?

ಮಂಡಕ್ಕಿ ಮಿಡಿ:

ವೇವ್, 16 ಬಿಟ್, 44.1 ಕಿಲೋಹರ್ಟ್ಸ್. ಎಲ್ಲ ಪ್ಲೇಯರ್‌ಗಳೂ ಓದುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಬಾಡಿಗೆ ಮೈಕ್‌ಸೆಟ್‌ಗಳಲ್ಲಿ ಎಡ ಬಲ ಎರಡನ್ನೂ ಸೇರಿಸಿ ಒಂದೇ ಆಗಿ ಬಿಡುತ್ತಾರೆ. ಪದರ ಪದರವಾಗಿ ಕಟ್ಟಿದ ಕೋರಸ್ ಹಾಗೆ ಸೇರಿದಾಗ ಕೆಲವೊಮ್ಮೆ ಪರಸ್ಪರ ಕಡಿದುಕೊಂಡು ತೆಳುವಾಗುತ್ತದೆ. ರೀಪರ್‌ನ ಮಾಸ್ಟರ್ ಟ್ರ್ಯಾಕಿನಲ್ಲಿ ಮೋನೋ ಗುಂಡಿ ಇದೆ. ಅದನ್ನು ಒತ್ತಿ ಕೇಳಿ, ಎಲ್ಲಿ ಸೊರಗಿತೋ ಅಲ್ಲಿನ ಒಂದು ಪದರವನ್ನು ಹತ್ತಿಪ್ಪತ್ತು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ ನೋಡಿ.